ಮಾತು ಕಳೆದುಕೊಂಡವನ ಹೆಸರು

ನಮ್ಮ ಕಡೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋದವರ ವಿಷಯದಲ್ಲಿ ‘ಬಾಯಿ ಬಿದ್ದುಹೋಯಿತು’ ಎನ್ನುವುದು ರೂಢಿ. ‘ನಾಲಗೆ ಬಿದ್ದುಹೋಯಿತು’ ಎನ್ನುವವರೂ ಉಂಟು. ಎರಡೂ ಮಾತುಗಳು ತಪ್ಪನ್ನು ಬಾಯಿಯ ಮೇಲೆ ಹೊರಿಸುತ್ತವೆ. ಆದರೆ ಇಂಥವರಲ್ಲಿ ಅನೇಕರಿಗೆ ನಾಲಗೆ ಹೊರಳುತ್ತದೆ, ತುಟಿ ಅಲುಗುತ್ತದೆ, ಧ್ವನಿಯೂ ಹೊರಡುತ್ತದೆ. ಬೇಕಾದ ಪದ ಮಾತ್ರ ಬರುವುದಿಲ್ಲ. ಮಿದುಳಿಗಾದ ಪೆಟ್ಟಿನಿಂದ ಭಾಷೆಯೇ ಕೈಕೊಡುವ ಈ ಸ್ಥಿತಿಗೆ ವೈದ್ಯರು ‘ಅಫೇಸಿಯಾ’ ಎನ್ನುತ್ತಾರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ತಿಂಗಳು ತನ್ನ ತಂದೆಯವರಿಗೆ ಹೀಗಾಗಿರುವುದನ್ನು ತಿಳಿಸಿ ಪತ್ರ ಬರೆದಿದ್ದನು. ನೋಡಲು ಬಂದವರೆಲ್ಲ ಅವರ ಎದುರಿಗೇ ನಿಂತು, “ಇವರಿಗೆ ಏನಾದರೂ ತಿಳಿಯುತ್ತದೆಯೇ?” ಎಂದು ಮನೆಯವರನ್ನು ಕೇಳುತ್ತಾರಂತೆ. “ಏನು ಉತ್ತರ ಹೇಳಲಿ, ಸಾರ್?” ಎಂಬುದು ಅವನ ಪ್ರಶ್ನೆ. ನಾನು ವೈದ್ಯನಲ್ಲ. ಆದರೆ ಈ ಪ್ರಶ್ನೆಗೆ ಇತಿಹಾಸದಲ್ಲಿ ಒಬ್ಬ ಮನುಷ್ಯನು ಮಾತಿಲ್ಲದೆಯೇ ಉತ್ತರ ಕೊಟ್ಟಿದ್ದಾನೆ. ಆತನ ಕಥೆಯನ್ನು ನಿಮ್ಮೆಲ್ಲರಿಗೂ ತಿಳಿಸಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1783ರ ಜೂನ್ 17ರ ಬೆಳಗಿನ ಜಾವ, ಇಂಗ್ಲಿಷ್ ಭಾಷೆಗೆ ಹೆಸರಾಂತ ನಿಘಂಟನ್ನು ರಚಿಸಿಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್ ಲಂಡನ್ನಿನ ತನ್ನ ಮನೆಯಲ್ಲಿ ಎಚ್ಚರಗೊಂಡಾಗ ತಲೆಯಲ್ಲಿ ಏನೋ ಗೊಂದಲವೆನಿಸಿತು. ಬುದ್ಧಿ ನೆಟ್ಟಗಿದೆಯೇ ಎಂದು ಪರೀಕ್ಷಿಸಿಕೊಳ್ಳಲು ಅವನು ಮನಸ್ಸಿನಲ್ಲೇ ಲ್ಯಾಟಿನ್ ಪದ್ಯದಲ್ಲಿ ಒಂದು ಪ್ರಾರ್ಥನೆಯನ್ನು ಕಟ್ಟಿದನು. ಪದ್ಯ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಆದರೆ ಅದು ಚೆನ್ನಾಗಿಲ್ಲವೆಂಬುದು ತನಗೆ ತಿಳಿಯುತ್ತಿದೆಯಲ್ಲ ಎಂಬುದೇ ಅವನಿಗೆ ಸಮಾಧಾನ! ಬಳಿಕ ನೋಡಿದರೆ ಬಾಯಿಂದ ಮಾತು ಹೊರಡಲೊಲ್ಲದು. ನೆರೆಮನೆಯವನಿಗೆ ಚೀಟಿ ಬರೆದು ವೈದ್ಯರನ್ನು ಕರೆಸಿದನು. ಬಂದ ವೈದ್ಯರಿಬ್ಬರೂ ಆ ಕಾಲದ ಪ್ರಸಿದ್ಧರೇ. ಅವರು ಮಾಡಿದ ಚಿಕಿತ್ಸೆಯೆಂದರೆ ಬೆನ್ನಿನ ಮೇಲೂ ಕಿವಿಯಿಂದ ಗಂಟಲಿನವರೆಗೆ ಎರಡೂ ಪಕ್ಕಗಳಲ್ಲಿಯೂ ಚರ್ಮ ಬೊಬ್ಬೆಯೇಳುವಂತೆ ಔಷಧದ ಪಟ್ಟಿ ಹಾಕಿದ್ದು. ಮಾತು ಹೋದರೆ ಗಂಟಲಿಗೆ ಮದ್ದು! ಜಾನ್ಸನ್ನನ ಅದೃಷ್ಟ, ಕೆಲವು ದಿನಗಳಲ್ಲಿ ಮಾತು ತಾನಾಗಿಯೇ ಮರಳಿತು.

ಮಾತಿನ ನೆಲೆ ಮಿದುಳಿನ ಮುಂಭಾಗದಲ್ಲಿದೆ ಎಂದು ಗಟ್ಟಿಯಾಗಿ ಸಾರಿದವನು ಫ್ರಾಂಜ್ ಜೋಸೆಫ್ ಗಾಲ್. ಶಾಲೆಯಲ್ಲಿ ತನಗಿಂತ ಚೆನ್ನಾಗಿ ಕಂಠಪಾಠ ಮಾಡುತ್ತಿದ್ದ ಹುಡುಗರ ಕಣ್ಣುಗಳು ಉಬ್ಬಿಕೊಂಡಿದ್ದವೆಂದೂ, ಆದ್ದರಿಂದ ಭಾಷೆಯ ಶಕ್ತಿ ಕಣ್ಣಿನ ಹಿಂದಿನ ಮಿದುಳಿನಲ್ಲಿದೆಯೆಂದೂ ಅವನ ತರ್ಕ. ಕಂಠಪಾಠದ ಹುಡುಗರನ್ನು ನಾನೂ ದಶಕಗಳ ಕಾಲ ನೋಡಿದವನೇ. ಕಣ್ಣಿನ ಉಬ್ಬಿಗೂ ಅದಕ್ಕೂ ಸಂಬಂಧವೇನೂ ಕಾಣಲಿಲ್ಲ. ತಲೆಯ ಉಬ್ಬುತಗ್ಗುಗಳನ್ನು ಮುಟ್ಟಿ ಗುಣಸ್ವಭಾವ ಹೇಳುವ ಅವನ ವಿದ್ಯೆ ಸಾಮುದ್ರಿಕ ಶಾಸ್ತ್ರದ ದಾರಿ ಹಿಡಿದು ನಗೆಪಾಟಲಾಯಿತು. ಆದರೂ ಮಿದುಳಿನ ಬೇರೆಬೇರೆ ಭಾಗಗಳಿಗೆ ಬೇರೆಬೇರೆ ಕೆಲಸಗಳಿವೆಯೆಂಬ ಅವನ ಮೂಲ ವಿಚಾರ ಸಾಯಲಿಲ್ಲ. ಪ್ಯಾರಿಸ್ಸಿನ ವೈದ್ಯ ಬುಯ್ಯೋ ಅದನ್ನು ಎತ್ತಿಹಿಡಿದು 1825ರಿಂದ ವಾದಿಸುತ್ತ ಬಂದನು. ಮಿದುಳಿನ ಮುಂಭಾಗ ಪೂರಾ ಹಾಳಾಗಿದ್ದರೂ ಮಾತು ಸರಿಯಾಗಿದ್ದ ಒಬ್ಬ ರೋಗಿಯನ್ನು ತೋರಿಸಿದವರಿಗೆ 500 ಫ್ರಾಂಕ್ ಕೊಡುತ್ತೇನೆಂದು 1848ರಲ್ಲಿ ಪಂಥವನ್ನೂ ಕಟ್ಟಿದನು.

1861ರ ವಸಂತದಲ್ಲಿ ಈ ವಾದ ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಸಭೆಗಳಲ್ಲಿ ಮತ್ತೆ ಬಿಸಿಯೇರಿತು. ಈ ಸಂಘವನ್ನು 1859ರಲ್ಲಿ ಸ್ಥಾಪಿಸಿದವನು ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯ. ಬುಯ್ಯೋನ ಅಳಿಯ ಓಬರ್ತಾಂ ಸಭೆಯಲ್ಲಿ ಮಾವನ ಪಕ್ಷ ಹಿಡಿದು ಮಾತನಾಡಿದನು. ತಲೆಗೆ ಗುಂಡು ಹಾರಿಸಿಕೊಂಡು ಹಣೆಯ ಮೂಳೆ ಹಾರಿಹೋಗಿದ್ದ ಒಬ್ಬ ವ್ಯಕ್ತಿಯ ವಿಷಯವನ್ನು ಅವನು ವರ್ಣಿಸಿದನು. ಆ ಮನುಷ್ಯ ಮಾತನಾಡುತ್ತಿರುವಾಗ, ತೆರೆದುಕೊಂಡಿದ್ದ ಮಿದುಳಿನ ಮುಂಭಾಗವನ್ನು ಚಪ್ಪಟೆ ಉಪಕರಣದಿಂದ ಮೆಲ್ಲಗೆ ಒತ್ತಿದರೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಕೈ ತೆಗೆದರೆ ಮತ್ತೆ ಬರುತ್ತಿತ್ತಂತೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಬ್ರೋಕಾ ಇನ್ನೂ ಯಾವ ಪಕ್ಷಕ್ಕೂ ಪೂರ್ತಿ ಸೇರಿರಲಿಲ್ಲ.

ಕೆಲವೇ ದಿನಗಳ ನಂತರ, ಏಪ್ರಿಲ್ 11ರಂದು, ಪ್ಯಾರಿಸ್ಸಿನ ದಕ್ಷಿಣದ ಅಂಚಿನಲ್ಲಿರುವ ಬಿಸೆತ್ರ್ ಆಸ್ಪತ್ರೆಯಲ್ಲಿ ಅವನ ವಿಭಾಗಕ್ಕೆ ಐವತ್ತೊಂದು ವರ್ಷದ ರೋಗಿಯೊಬ್ಬನನ್ನು ತಂದರು. ಹೆಸರು ಲೆಬೊರ್ನ್. ಆದರೆ ಆಸ್ಪತ್ರೆಯಲ್ಲಿ ಆ ಹೆಸರಿನಿಂದ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ‘ತಾಂ’. ಏಕೆಂದರೆ ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು “ತಾಂ, ತಾಂ” ಎಂಬುದೊಂದೇ. ಜೊತೆಗೆ ಎಡಗೈಯಿಂದ ಬಗೆಬಗೆಯ ಸನ್ನೆ.

ಬಾಲ್ಯದಿಂದಲೂ ಅವನಿಗೆ ಮೂರ್ಛೆರೋಗವಿತ್ತು. ಆದರೂ ಬೂಟು ಹೊಲಿಯುವವರಿಗೆ ಬೇಕಾದ ಮರದ ಅಚ್ಚುಗಳನ್ನು ಮಾಡುವ ಕಸುಬು ಹಿಡಿದು ಮೂವತ್ತರವರೆಗೆ ದುಡಿದು ಬದುಕಿದ್ದನು. ಮೂವತ್ತರಲ್ಲಿ ಮಾತು ಹೋಯಿತು. ಎರಡು ಮೂರು ತಿಂಗಳ ಮೇಲೆ ಬಿಸೆತ್ರ್‌ಗೆ ಸೇರಿಸಿದರು. ಆಮೇಲೆ ಇಪ್ಪತ್ತೊಂದು ವರ್ಷ ಅದೇ ಅವನ ಮನೆ. ಮೊದಮೊದಲು ಆರೋಗ್ಯವಾಗಿ ಓಡಾಡಿಕೊಂಡಿದ್ದನು. ಹತ್ತು ವರ್ಷಗಳ ನಂತರ ಬಲಗೈ ಸೋತಿತು, ಆಮೇಲೆ ಬಲಗಾಲು. ಕೊನೆಯ ಏಳೆಂಟು ವರ್ಷ ಹಾಸಿಗೆಯಲ್ಲೇ. ಸಹರೋಗಿಗಳಿಗೆ ಅವನೆಂದರೆ ಆಗುತ್ತಿರಲಿಲ್ಲ; ಸ್ವಾರ್ಥಿ, ಹಗೆ ಸಾಧಿಸುವವನು ಎನ್ನುತ್ತಿದ್ದರು, ಕೆಲವರು ಕಳ್ಳನೆಂದೂ ದೂರಿದ್ದರು. ದೂರುಗಳೆಲ್ಲ ಬ್ರೋಕಾನ ವರದಿಯಲ್ಲಿ ದಾಖಲಾಗಿವೆ. ಅವುಗಳಿಗೆ ಲೆಬೊರ್ನ್ ಏನು ಹೇಳುತ್ತಿದ್ದನೋ, ಅದು ಮಾತ್ರ ಎಲ್ಲಿಯೂ ದಾಖಲಾಗುವಂತಿರಲಿಲ್ಲ.

ಅವನನ್ನು ಶಸ್ತ್ರವೈದ್ಯನ ಬಳಿಗೆ ತಂದ ಕಾರಣವೂ ಹೃದಯ ಹಿಂಡುವಂಥದು. ಅವನು ಹಾಸಿಗೆಯನ್ನು ಹೊಲಸು ಮಾಡಿಕೊಳ್ಳುತ್ತಿರಲಿಲ್ಲವಾಗಿ ಹೊದಿಕೆಗಳನ್ನು ವಾರಕ್ಕೊಮ್ಮೆ ಮಾತ್ರ ಬದಲಿಸುತ್ತಿದ್ದರು. ಹೀಗಾಗಿ ಬಲಗಾಲಿನಲ್ಲಿ ಹಬ್ಬುತ್ತಿದ್ದ ಕೀವು, ಕೊಳೆತ ಯಾರ ಕಣ್ಣಿಗೂ ಬೀಳಲಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಪಾದದಿಂದ ಪೃಷ್ಠದವರೆಗೆ ವ್ಯಾಪಿಸಿತ್ತು. ಇಲ್ಲಿ ಹೀಗಾಗಿದೆ ನೋಡಿ ಎಂದು ಹೇಳಲು ಅವನಿಗೆ ಇದ್ದುದು ಅದೊಂದೇ ಪದ.

ಬ್ರೋಕಾ ಮಾಡಿದ ದೊಡ್ಡ ಕೆಲಸವೆಂದರೆ ಮಿದುಳನ್ನು ಕತ್ತರಿಸಿ ನೋಡಿದ್ದು ಎಂದು ಪುಸ್ತಕಗಳು ಹೇಳುತ್ತವೆ. ನನಗಾದರೋ ಅದಕ್ಕೆ ಮುಂಚೆ ಮಾಡಿದ ಕೆಲಸವೇ ದೊಡ್ಡದೆನಿಸುತ್ತದೆ. ಸಾವಿನ ಅಂಚಿನಲ್ಲಿದ್ದ ಆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಅವನನ್ನು ಪ್ರಶ್ನೆ ಕೇಳಿದನು. ಬಿಸೆತ್ರ್‌ನಲ್ಲಿ ಎಷ್ಟು ವರ್ಷದಿಂದ ಇದ್ದೀಯೆ? ಲೆಬೊರ್ನ್ ಎಡಗೈಯ ಐದು ಬೆರಳುಗಳನ್ನೂ ನಾಲ್ಕು ಸಲ ಬಿಡಿಸಿ ತೋರಿಸಿ, ಕೊನೆಗೆ ಒಂದು ಬೆರಳನ್ನು ಎತ್ತಿದನು. ಇಪ್ಪತ್ತೊಂದು, ಲೆಕ್ಕ ಸರಿ. ಮರುದಿನ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ಅವನಿಗೆ ತಿಳಿದುಹೋಯಿತು. ರೇಗಿ, ದೇವರ ಹೆಸರೆತ್ತಿ ಬೈದನು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವನಿಂದ ಹೊರಬೀಳುತ್ತಿದ್ದ ಏಕೈಕ ಬೈಗುಳವದು. ಬೇಕೆಂದಾಗ ಅದನ್ನೂ ಹೇಳಲು ಬಾರದು. ಗಡಿಯಾರ ತೋರಿಸಿದರೆ ಹೊತ್ತನ್ನು ಸರಿಯಾಗಿ ಸೂಚಿಸುತ್ತಿದ್ದನು. “ಇವರಿಗೆ ಏನಾದರೂ ತಿಳಿಯುತ್ತದೆಯೇ?” ಎಂಬ ಪ್ರಶ್ನೆಗೆ ಈ ಬೆರಳೆಣಿಕೆಗಿಂತ, ಈ ಸಿಟ್ಟಿಗಿಂತ ಸ್ಪಷ್ಟವಾದ ಉತ್ತರ ಬೇರೆ ಬೇಕೇ?

ಬ್ರೋಕಾ ಓಬರ್ತಾಂನನ್ನು ಕರೆಸಿ ರೋಗಿಯನ್ನು ತೋರಿಸಿದನು. ಈತನ ಮಿದುಳಿನ ಮುಂಭಾಗದಲ್ಲಿ ದೋಷವಿಲ್ಲದಿದ್ದರೆ ತನ್ನ ವಾದವನ್ನು ಬಿಟ್ಟುಕೊಡುವುದಾಗಿ ಅವನು ಒಪ್ಪಿದನು. ಏಪ್ರಿಲ್ 17ರಂದು ಲೆಬೊರ್ನ್ ತೀರಿಕೊಂಡನು. ಮರುದಿನವೇ ಅವನ ಮಿದುಳು ಸಂಘದ ಸಭೆಯಲ್ಲಿ ಪ್ರದರ್ಶಿತವಾಯಿತು. ಎಡಭಾಗದ ಮುಂದಿನ ಹಾಲೆಯಲ್ಲಿ, ಮೂರನೆಯ ಸುರುಳಿಯ ಹತ್ತಿರ, ಕೋಳಿಮೊಟ್ಟೆಯಷ್ಟು ಗಾತ್ರದ ಕುಳಿ. ಒಳಗೆಲ್ಲ ನೀರು ತುಂಬಿಕೊಂಡಿತ್ತು. ಆ ಜಾಗವನ್ನು ಇಂದಿಗೂ ‘ಬ್ರೋಕಾ ಪ್ರದೇಶ’ ಎಂದೇ ಕರೆಯುತ್ತಾರೆ. ಬ್ರೋಕಾ ಆ ಮಿದುಳನ್ನು ಒಳಗಿನಿಂದ ಕತ್ತರಿಸಿ ನೋಡುವ ಆಸೆಯನ್ನು ತಡೆದುಕೊಂಡು, ಇಡಿಯಾಗಿಯೇ ಮದ್ಯಸಾರದಲ್ಲಿಟ್ಟು ವಸ್ತುಸಂಗ್ರಹಾಲಯಕ್ಕೆ ಕೊಟ್ಟನು. ಈ ಸಂಯಮದ ಫಲ ಮುಂದೆ ಬರುತ್ತದೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಎಂಬತ್ತನಾಲ್ಕು ವರ್ಷದ ಲೆಲಾಂಗ್ ಎಂಬ ಮುದುಕನು ತೊಡೆಮೂಳೆ ಮುರಿದುಕೊಂಡು ಬ್ರೋಕಾನ ಬಳಿಗೆ ಬಂದನು. ಒಂದು ಕಾಲಕ್ಕೆ ಮಣ್ಣು ಅಗೆಯುವ ಕೂಲಿ. ಅವನ ಬಳಿ ಐದು ಪದಗಳಿದ್ದವು: ಹೌದು, ಇಲ್ಲ, ಯಾವಾಗಲೂ, ‘ಲೆಲೋ’ ಎಂದು ಮೊಟಕಾದ ತನ್ನ ಹೆಸರು, ಮತ್ತು ಫ್ರೆಂಚ್ ಭಾಷೆಯ ‘ಮೂರು’ ಎಂಬ ಸಂಖ್ಯೆಯ ಒಂದು ಮುರುಕು ರೂಪ. ಸಂಖ್ಯೆ ಎಷ್ಟೇ ಇರಲಿ, ಬಾಯಿ ಹೇಳುತ್ತಿದ್ದುದು ‘ಮೂರು’. ಮಕ್ಕಳಿದ್ದಾರೆಯೇ? ಹೌದು. ಎಷ್ಟು? ‘ಮೂರು’ ಎಂದು ಹೇಳಿ ನಾಲ್ಕು ಬೆರಳು ಎತ್ತಿದನು. ಗಂಡುಮಕ್ಕಳು? ‘ಮೂರು’; ಬೆರಳು ಎರಡು. ವಯಸ್ಸು ಕೇಳಿದರೆ ಮೊದಲು ಎಂಟು ಬೆರಳು, ಆಮೇಲೆ ನಾಲ್ಕು. ಹತ್ತರ ಸ್ಥಾನ, ಬಿಡಿಯ ಸ್ಥಾನ ಎರಡೂ ಕ್ರಮವಾಗಿ! ಗಣಿತದ ಮೇಷ್ಟರು ಪೂರ್ಣ ಅಂಕ ಕೊಡಬೇಕಾದ ಉತ್ತರ. ಬಾಯಿ ತಪ್ಪು ಹೇಳುತ್ತಿದೆಯೆಂಬುದು ಬೆರಳಿಗೆ ತಿಳಿದಿತ್ತು. ನವೆಂಬರಿನಲ್ಲಿ ಅವನೂ ತೀರಿಕೊಂಡನು. ಅವನ ಮಿದುಳಿನಲ್ಲಿಯೂ ಹೆಚ್ಚುಕಡಿಮೆ ಅದೇ ಎಡಭಾಗದ ಅದೇ ತಾಣದಲ್ಲಿ ಗಾಯ.

ಎಡವೇ ಏಕೆ? ಇಂಥ ರೋಗಿಗಳು ಒಬ್ಬೊಬ್ಬರಾಗಿ ಕೂಡುತ್ತ ಹೋದಂತೆ ಬ್ರೋಕಾನಿಗೂ ಇದು ವಿಚಿತ್ರವೆನಿಸಿತು. ನಾವು ಮಿದುಳಿನ ಎಡಭಾಗದಿಂದ ಮಾತನಾಡುತ್ತೇವೆ ಎಂದು 1865ರಲ್ಲಿ ಅವನು ನಿಸ್ಸಂಕೋಚವಾಗಿ ಬರೆದನು. ಅದೇ ವರ್ಷ ಗುಸ್ತಾವ್ ಡಾಕ್ಸ್ ಎಂಬ ವೈದ್ಯನು, ಈ ವಿಷಯವನ್ನು ತನ್ನ ತಂದೆ ಮಾರ್ಕ್ ಡಾಕ್ಸ್ 1836ರಲ್ಲಿಯೇ ಬರೆದಿಟ್ಟಿದ್ದನೆಂದು ಹೇಳಿ ಆ ಲೇಖನವನ್ನು ಪ್ರಕಟಿಸಿದನು. ದಕ್ಷಿಣ ಫ್ರಾನ್ಸಿನ ಸಣ್ಣ ಊರಿನ ವೈದ್ಯನಾಗಿದ್ದ ಆ ತಂದೆ ಆ ವೇಳೆಗೆ ಸತ್ತು ಸುಮಾರು ಮೂರು ದಶಕಗಳಾಗಿದ್ದವು. ಯಾರು ಮೊದಲು ಎಂಬ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ನಮಗೆ ಅದು ಬೇಡ. ಹಿರಿಯ ಡಾಕ್ಸ್ ಗಮನಿಸಿದ್ದವರಲ್ಲಿ ಬ್ರೂಸೋನೆ ಎಂಬ ಸಸ್ಯವಿಜ್ಞಾನಿಯ ವಿಷಯವನ್ನು ಮಾತ್ರ ಹೇಳದಿರಲಾರೆ. ಗಿಡಮರಗಳಿಗೆ ಲ್ಯಾಟಿನ್ನಿನಲ್ಲಿ ಎರಡು ಪದಗಳ ಹೆಸರಿಡುವ ಲಿನೇಯಸ್ಸನ ಪದ್ಧತಿಯನ್ನು ಫ್ರಾನ್ಸಿನಲ್ಲಿ ಪ್ರಚಾರಕ್ಕೆ ತಂದವರಲ್ಲಿ ಈತನೊಬ್ಬ. ಪಾರ್ಶ್ವವಾಯುವಿನ ನಂತರ ಇವನಿಗೆ ಹೋದದ್ದು ನಾಮಪದಗಳು! ವಿಶೇಷಣಗಳು ಉಳಿದಿದ್ದವು, ವಸ್ತುವಿನ ಬಣ್ಣ, ಆಕಾರ ಹೇಳಿ ಅದನ್ನು ಸೂಚಿಸುತ್ತಿದ್ದನು, ಹೆಸರು ಮಾತ್ರ ಬಾರದು. ತೊಗಟೆಯಿಂದ ಕಾಗದ ಮಾಡುವ ಹಿಪ್ಪುನೇರಳೆ ಜಾತಿಯ ಮರವೊಂದಕ್ಕೆ ಅವನದೇ ಹೆಸರಿಟ್ಟಿದ್ದಾರೆ.

ರೋಗಕ್ಕೆ ಹೆಸರಿಡುವುದರಲ್ಲಿಯೂ ಒಂದು ತಮಾಷೆ ನಡೆಯಿತು. ಬ್ರೋಕಾ ಗ್ರೀಕ್ ಮೂಲದಿಂದ ‘ಅಫೇಮಿ’ ಎಂದು ಹೆಸರಿಟ್ಟಿದ್ದನು. ಗ್ರೀಕ್ ಬಲ್ಲವರು ಅದಕ್ಕೆ ‘ಅಪಕೀರ್ತಿ’ ಎಂಬ ಅರ್ಥ ಬರುತ್ತದೆಂದು ಆಕ್ಷೇಪಿಸಿದರು. 1864ರಲ್ಲಿ ತ್ರೂಸೋ ಎಂಬ ಹಿರಿಯ ವೈದ್ಯನು ‘ಅಫೇಸಿ’ ಎಂದು ತಿದ್ದಿದನು; ಉಳಿದುಕೊಂಡದ್ದು ಅದೇ. ಮಾತು ಹೋಗಿ ಜೊತೆಗೆ ಅಪಕೀರ್ತಿಯೂ ಬಂದ ಲೆಬೊರ್ನ್‌ನನ್ನು ನೆನೆದರೆ ಬ್ರೋಕಾನ ಹೆಸರೂ ಒಂದು ರೀತಿಯಲ್ಲಿ ಸರಿಯಾಗಿಯೇ ಇತ್ತೆನ್ನಬೇಕು.

1874ರಲ್ಲಿ ಬ್ರೆಸ್ಲಾವ್ ನಗರದ ಇಪ್ಪತ್ತಾರು ವರ್ಷದ ತರುಣ ವೈದ್ಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದನು. ಇಲ್ಲಿ ಮಾತು ನಿಲ್ಲುವುದಿಲ್ಲ. ಸರಾಗವಾಗಿ ಹರಿಯುತ್ತದೆ, ಆದರೆ ಪದಗಳು ಕಲಸಿಹೋಗಿರುತ್ತವೆ, ಇತರರ ಮಾತೂ ಅರ್ಥವಾಗುವುದಿಲ್ಲ. ಗಾಯವಿರುವುದು ಕಿವಿಯ ಮೇಲ್ಭಾಗದ ಕಡೆ, ಎಡ ಹಾಲೆಯ ಹಿಂಬದಿಯಲ್ಲಿ. ಇಂಥವರನ್ನು ಹುಚ್ಚರೆಂದು ತಿಳಿಯುವ ಅಪಾಯ ಇನ್ನೂ ಹೆಚ್ಚು. ಮನೆಯಲ್ಲಿ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿದರೆ ಗಾಳಿ ಸೋಕಿತೆಂದು ನಿಂಬೆಹಣ್ಣು ಇಳಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪಾರ್ಶ್ವವಾಯುವಿನಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಲೆಬೊರ್ನ್‌ನ ಬೈಗುಳಕ್ಕೆ ಮರಳೋಣ. ಪದವೇ ಬಾರದವನಿಗೆ ಬೈಗುಳ ಹೇಗೆ ಬಂದಿತು? 1745ರಷ್ಟು ಹಿಂದೆಯೇ ಸ್ವೀಡನ್ನಿನಲ್ಲಿ ಮಾತು ಹೋದ ಒಬ್ಬ ರೈತನ ಮಗನು, ಮೊದಲೇ ಕಲಿತಿದ್ದ ಪ್ರಾರ್ಥನಾಗೀತೆಗಳನ್ನು ಮಾತ್ರ ಸ್ವಚ್ಛವಾಗಿ ಹಾಡುತ್ತಿದ್ದನೆಂದು ದಾಖಲೆಯಿದೆ. ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಇದನ್ನು ಆಳವಾಗಿ ಯೋಚಿಸಿ ಒಂದು ಭೇದವನ್ನು ತೋರಿಸಿಕೊಟ್ಟನು. ಹೊಸದಾಗಿ ಅರ್ಥವನ್ನು ಕಟ್ಟಿ ಹೇಳುವ ಮಾತು ಬೇರೆ. ರೂಢಿಯಿಂದ ತಾನಾಗಿ ಉರುಳುವ ಮಾತು ಬೇರೆ. ಬೈಗುಳ, ಪ್ರಾರ್ಥನೆ, ವಾರಗಳ ಸರಣಿ ಇವೆಲ್ಲ ಎರಡನೆಯ ಬಗೆ. ನಮ್ಮ ಬಂಧುಗಳಲ್ಲಿಯೇ ಹಿರಿಯರೊಬ್ಬರು ಪಾರ್ಶ್ವವಾಯುವಿನ ನಂತರ ‘ಎರಡೊಂದ್ಲ ಎರಡು’ ಎಂದು ಆರಂಭಿಸಿಕೊಟ್ಟರೆ ಇಡೀ ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಿದ್ದರು. ಆದರೆ ನೀರು ಬೇಕಾದಾಗ ‘ನೀರು’ ಎನ್ನಲು ಅವರಿಗೆ ಆಗುತ್ತಿರಲಿಲ್ಲ. “ಮಗ್ಗಿ ಹೇಳಬಲ್ಲವರಿಗೆ ನೀರು ಕೇಳಲು ಏನು ಕಷ್ಟ, ಎಲ್ಲ ನಾಟಕ” ಎಂದು ಮನೆಯಲ್ಲಿ ಗೊಣಗಿದವರೂ ಇದ್ದರು. ಅದು ನಾಟಕವಲ್ಲವೆಂಬುದನ್ನು ಜಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ.

ಬ್ರೋಕಾನನ್ನು ಬರೀ ಹೊಗಳಿ ಬಿಡುವುದು ನ್ಯಾಯವಲ್ಲ. ಹಾಸಿಗೆಯ ಪಕ್ಕದಲ್ಲಿ ಅಷ್ಟು ತಾಳ್ಮೆಯಿಂದ ಬೆರಳೆಣಿಸಿದ ಈ ಮನುಷ್ಯನೇ ತಲೆಬುರುಡೆಗಳನ್ನು ಅಳೆದು, ಮಿದುಳಿನ ಗಾತ್ರದಿಂದ ಬುದ್ಧಿಯ ಹೆಚ್ಚುಕಡಿಮೆಯನ್ನು ಹೇಳಬಹುದೆಂದು ನಂಬಿದ್ದನು. ಹೆಂಗಸರನ್ನೂ ಯುರೋಪಿನವರಲ್ಲದ ಜನಾಂಗಗಳನ್ನೂ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದ್ದನು. ಆ ಲೆಕ್ಕಾಚಾರಗಳೆಲ್ಲ ಕಾಲಾನಂತರ ಕುಸಿದುಬಿದ್ದವು. ಮಾತಿನ ವಿಷಯದಲ್ಲಿಯೂ ಅವನ ತೀರ್ಮಾನ ಪೂರ್ತಿ ಉಳಿಯಲಿಲ್ಲ. 1906ರಲ್ಲಿ ಪಿಯರ್ ಮಾರಿ ಎಂಬ ಫ್ರೆಂಚ್ ವೈದ್ಯನು, ಆ ಮೂರನೆಯ ಸುರುಳಿಗೆ ಭಾಷೆಯಲ್ಲಿ ಯಾವ ವಿಶೇಷ ಪಾತ್ರವೂ ಇಲ್ಲವೆಂದು ದೊಡ್ಡ ಗಲಾಟೆಯನ್ನೇ ಎಬ್ಬಿಸಿದನು. ಆಗ ಮಿದುಳನ್ನು ಕತ್ತರಿಸದೆ ಉಳಿಸಿದ್ದು ಪ್ರಯೋಜನಕ್ಕೆ ಬಂದಿತೇ ಎಂದರೆ, ಬಂದಿತು. ಆದರೆ ಇನ್ನೂ ಬಹಳ ತಡವಾಗಿ. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಲೆಬೊರ್ನ್, ಲೆಲಾಂಗ್ ಇಬ್ಬರ ಮಿದುಳುಗಳ ಎಂ.ಆರ್.ಐ. ಚಿತ್ರಗಳನ್ನು ಪ್ರಕಟಿಸಿದರು. ಗಾಯವು ಹೊರಮೈಯಲ್ಲಿ ಕಂಡದ್ದಕ್ಕಿಂತ ಬಹಳ ಆಳಕ್ಕೆ, ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ನರತಂತುಗಳವರೆಗೆ ಇಳಿದಿತ್ತು. ಭಾಷೆಗೆ ಒಂದೇ ಕೋಣೆಯಿಲ್ಲ. ಹಲವು ಕೋಣೆಗಳೂ ಅವುಗಳ ನಡುವಿನ ಓಣಿಗಳೂ ಸೇರಿ ಮಾತಾಗುತ್ತದೆ ಎಂಬುದು ಇಂದಿನ ತಿಳಿವಳಿಕೆ.

ಹೋದ ಮಾತನ್ನು ಮರಳಿ ಕಲಿಸಬಹುದೇ? ಬ್ರೋಕಾ ಈ ಯತ್ನವನ್ನೂ ಮಾಡಿದ್ದನು. ಅದನ್ನು ಮಗುವಿಗೆ ಮಾತು ಕಲಿಸುವುದಕ್ಕೆ ಹೋಲಿಸಿದ್ದನು. ಮೇಷ್ಟರಾದ ನನಗೆ ಈ ಹೋಲಿಕೆ ಪೂರ್ತಿ ಒಪ್ಪಿಗೆಯಿಲ್ಲ. ಮಗುವಿಗೆ ತಾನು ಏನು ಹೇಳಬೇಕೆಂಬುದೂ ಇನ್ನೂ ತಿಳಿದಿರುವುದಿಲ್ಲ. ಇವರಿಗೆ ಅದೆಲ್ಲ ತಿಳಿದಿದೆ. ಮಗುವಿನ ದನಿಯಲ್ಲಿ ಇವರನ್ನು ಮುದ್ದುಗರೆಯುವುದು ಅವಮಾನ. 1973ರಲ್ಲಿ ಬಾಸ್ಟನ್ನಿನ ಚಿಕಿತ್ಸಕರು ರಾಗದ ದಾರಿಯಿಂದ ಮಾತನ್ನು ಹೊರತರುವ ಪದ್ಧತಿಯೊಂದನ್ನು ರೂಪಿಸಿದರು. ಸ್ವೀಡನ್ನಿನ ಆ ಹಾಡುಗಾರನ ಗುಟ್ಟು ಹೀಗೆ ಉಪಯೋಗಕ್ಕೆ ಬಂದಿತು. ನಮ್ಮಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ನಮ್ಮಂಥವರಿಗೆ ಯಾವ ಭಾಷೆ ಮೊದಲು ಮರಳುತ್ತದೆ ಎಂಬುದೂ ಹಳೆಯ ಚರ್ಚೆಯೇ. ಮೊದಲು ಕಲಿತದ್ದು ಎಂದು ಒಬ್ಬ ಫ್ರೆಂಚ್ ಪಂಡಿತ, ಹೆಚ್ಚು ಬಳಸಿದ್ದು ಎಂದು ಇನ್ನೊಬ್ಬ. ಅನುಭವದಲ್ಲಿ ಎರಡಕ್ಕೂ ಉದಾಹರಣೆಗಳಿವೆ, ಎರಡಕ್ಕೂ ಅಪವಾದಗಳಿವೆ. ಆದ್ದರಿಂದ ಎದುರಿಗೆ ಕುಳಿತು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಹೌದು ಅಥವಾ ಇಲ್ಲ ಎಂದು ಸನ್ನೆ ಮಾಡಬಹುದಾದ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ ಕಾಯಿರಿ. ಅವರ ಬದಲಿಗೆ ನೀವೇ ವಾಕ್ಯ ಮುಗಿಸಿಬಿಡಬೇಡಿ.

ಇನ್ನು ಲೆಬೊರ್ನ್‌ನ ವಿಷಯದಲ್ಲಿ ಒಂದು ಮಾತು ಉಳಿದಿದೆ. ಬ್ರೋಕಾನ ವರದಿಯಲ್ಲಿ ಅವನ ಮನೆತನದ ಹೆಸರು ಮಾತ್ರವಿತ್ತು, ಸ್ವಂತ ಹೆಸರಿರಲಿಲ್ಲ. ಒಂದೂವರೆ ಶತಮಾನ ಕಾಲ ವೈದ್ಯಗ್ರಂಥಗಳಲ್ಲಿ ಅವನು ‘ತಾಂ’ ಆಗಿಯೇ ಉಳಿದನು. ಕೆಲವರು ಅವನನ್ನು ಓದುಬರಹವಿಲ್ಲದ ಕೆಳವರ್ಗದವನೆಂದೂ ಚಿತ್ರಿಸಿದರು. 2013ರಲ್ಲಿ ಚೆಜಾರಿ ದೊಮಾನ್ಸ್ಕಿ ಎಂಬ ಪೋಲೆಂಡಿನ ಇತಿಹಾಸಕಾರರು ಫ್ರಾನ್ಸಿನ ಹಳೆಯ ದಾಖಲೆಗಳನ್ನು ಶೋಧಿಸಿ ಅವನ ಕುಲಗೋತ್ರವನ್ನು ಬೆಳಕಿಗೆ ತಂದರು. ಪೂರ್ಣ ಹೆಸರು ಲೂಯಿ ವಿಕ್ತೋರ್ ಲೆಬೊರ್ನ್. ಹುಟ್ಟಿದ್ದು 1809ರಲ್ಲಿ, ಮೊರೆ ಎಂಬ ನದೀತೀರದ ಪಟ್ಟಣದಲ್ಲಿ. ಚಿತ್ರಕಾರ ಸಿಸ್ಲೆ ಮುಂದೆ ತನ್ನ ಕೊನೆಯ ವರ್ಷಗಳಲ್ಲಿ ಚಿತ್ರಿಸಿದ ಊರು ಅದು. ಆ ಊರಿನಲ್ಲಿ ಚರ್ಮ ಹದಮಾಡುವ ಕಸುಬಿತ್ತು, ಅದಕ್ಕೆ ಬೇಕಾದ ಓಕ್ ಮರದ ತೊಗಟೆಯನ್ನು ಪುಡಿಮಾಡುವ ಗಿರಣಿಗಳಿದ್ದವು. ಆ ಪುಡಿಗೆ ಫ್ರೆಂಚ್ ಭಾಷೆಯಲ್ಲಿ ‘ತಾಂ’ ಎಂದೇ ಹೆಸರು. ಉಳಿದುಕೊಂಡ ಆ ಒಂದು ಪದ ಅವನ ಬಾಲ್ಯದ ಊರಿನ ನೆನಪಾಗಿರಬಹುದೇ ಎಂದು ದೊಮಾನ್ಸ್ಕಿ ಊಹಿಸುತ್ತಾರೆ. ಅದು ಊಹೆ ಮಾತ್ರ. ಅವನ ತಂದೆಯ ಉದ್ಯೋಗ ಮಾತ್ರ ಊಹೆಯಲ್ಲ, ದಾಖಲೆಯಲ್ಲಿಯೇ ಇದೆ. ಆತ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದನು.